ತಮನ್ನಾಳ ಈಗಿನ ವಿಳಾಸ

ಕೊಣ್ಣೂರಿನಿಂದ ಗೋಕಾಕ ಫಾಲ್ಸ್‌ಗೆ ಹೋಗುವ ರಸ್ತೆಯಲ್ಲಿ ಮೈನೋದ್ದೀನನ ಲಾಡ್ಜ್ ಇದೆ. ಜುಲೈ ಕೊನೆಗೆ, ಜಲಪಾತ ತುಂಬಿ ಧುಮುಕುತ್ತಿದ್ದಾಗ, ಬುಕಿಂಗ್ ಆ್ಯಪ್ ಆ ಲಾಡ್ಜನ್ನು ತನ್ನಲ್ಲಿ ತೋರಿಸುವುದನ್ನು ನಿಲ್ಲಿಸಿತು. ಒಂದು ದೂರು ಬಂದಿತ್ತು.

“ಬಾಗಿಲಿಗೆ ಒಳಚಿಲಕ ಇರಲಿಲ್ಲ. ಗಂಡ ಊಟ ತರಲು ಹೋದಾಗ ಮಾಲೀಕ ಬಾಗಿಲು ಬಡಿಯದೆ ಒಳಗೆ ಬಂದ. ನಾನು ಬಟ್ಟೆ ಬದಲಿಸುತ್ತಿದ್ದೆ. ಹೊರಗೆ ಹೋಗು ಅಂದರೂ ನಿಂತೇ ಇದ್ದ.”

ಬರೆದವಳು ತಮನ್ನಾ ನದಾಫ. ಅವಳೇ ದೂರು ಹಿಂಪಡೆಯುವವರೆಗೆ ಅಥವಾ ವಿಚಾರಣೆ ಮುಗಿಯುವವರೆಗೆ ಕೋಣೆಗಳು ಕಾಣಿಸುವುದಿಲ್ಲ ಎಂದು ಆ್ಯಪ್ ಮೈನೋದ್ದೀನನಿಗೆ ತಿಳಿಸಿತು. ಗಿರಾಕಿಯ ಫೋನ್ ನಂಬರನ್ನು ಅದು ಮಾಲೀಕರಿಗೆ ಕೊಡುವುದಿಲ್ಲ. ಆದರೆ ಲಾಡ್ಜಿಗೆ ಬಂದ ದಿನ ತೆಗೆದುಕೊಂಡ ತಮನ್ನಾಳ ಆಧಾರ್ ಕಾರ್ಡಿನ ಎರಡೂ ಬದಿಯ ಫೋಟೋ ಅವನ ಮೊಬೈಲಿನಲ್ಲೇ ಇತ್ತು. ಕಾರ್ಡಿನ ಹಿಂಬದಿಯಲ್ಲಿ ಅವಳ ತಂದೆ ಅಕ್ಬರಸಾಬನ ಹೆಸರು, ಮೂಡಲಗಿ ತಾಲೂಕಿನ ತುಕ್ಕಾನಟ್ಟಿಯ ವಿಳಾಸ.

ಅದು ಮದುವೆಗೆ ಮೊದಲಿನ ಕಾರ್ಡು. ತಮನ್ನಾ ಗಂಡನ ಮನೆಗೆ, ಹುಕ್ಕೇರಿಗೆ ಹೋಗಿ ಎರಡು ವರ್ಷವಾಗಿತ್ತು. ಈ ಕಡೆಯ ಎಷ್ಟೋ ಹೆಣ್ಣುಮಕ್ಕಳಂತೆ ಅವಳೂ ಕಾರ್ಡನ್ನು ತವರಿನ ವಿಳಾಸದಲ್ಲೇ ಬಿಟ್ಟಿದ್ದಳು. ಹೀಗಾಗಿ ಮಗಳನ್ನು ಹುಡುಕಿ ಹೊರಟವನು ಅಪ್ಪನ ಅಂಗಳಕ್ಕೆ ಬಂದು ನಿಂತ. ಜೊತೆಗೆ ಲಾಡ್ಜಿನ ಕಾವಲಿನ ಮಹೇಶ ಇದ್ದ.

ಅಕ್ಬರಸಾಬ ಗಾದಿ ಹೊಲಿಯುತ್ತ ಕೂತಿದ್ದ. ಮಧ್ಯಾಹ್ನದ ಹೊತ್ತು. ಓಣಿಯವರೆಲ್ಲ ಹೊಲಕ್ಕೆ ಹೋಗಿದ್ದರು.

“ಕಾಕಾ, ತಮನ್ನಾರ ಮನಿ ಇದ ಏನ್ರಿ?” ಮೈನೋದ್ದೀನ ಕೇಳಿದ.

“ಹೌದು, ಬರ್ರಿ. ಅಕಿ ಗಂಡನ ಮನ್ಯಾಗ ಅದಾಳ.”

“ನಮ್ಮ ಲಾಡ್ಜಿನ್ಯಾಗ ಕಿವಿ ವಾಲಿ ಬಿಟ್ಟು ಹೋಗ್ಯಾರ್ರಿ. ಕೊಡೋಣ ಅಂತ ಬಂದೇವಿ. ಗಂಡನ ಮನಿ ಯಾವ ಊರು?”

ಲಾಡ್ಜ್ ಎಂಬ ಮಾತಿಗೆ ಅಕ್ಬರಸಾಬನ ಕೈಯಲ್ಲಿದ್ದ ದಬ್ಬಣ ನಿಂತಿತು. ಅಲ್ಲಿ ನಡೆದದ್ದನ್ನು ಮಗಳು ಹೇಳಿದ್ದಳು.

“ವಾಲಿ ತೋರಸರಿ. ನಾನ ಮಾಡಿಸಿ ಕೊಟ್ಟಿದ್ದು, ಗುರ್ತ ಹಿಡೀತೇನಿ.”

“ಅವರ ಕೈಯಾಗ ಕೊಡಬೇಕ್ರಿ. ಕಂಪನಿ ರೂಲ್ ಐತಿ.”

“ಬಾಗಿಲಾ ಬಡದು ಒಳಗ ಹೋಗಬೇಕು ಅಂತ ರೂಲ್ ಇಲ್ಲೇನು ನಿಮ್ಮ ಕಂಪನ್ಯಾಗ?”

ಮಹೇಶ ನಕ್ಕ. ನಗುತ್ತಲೇ ಒಳಕೋಣೆಯ ಬಾಗಿಲೆಳೆದು ಹೊರಚಿಲಕ ಹಾಕಿದ. ಒಳಗೆ ಅಕ್ಬರಸಾಬನ ಹೆಂಡತಿ ಮುಮ್ತಾಜ ಇದ್ದಳು. ಅವಳು ಬಾಗಿಲು ಬಡಿಯತೊಡಗಿದಳು. ಮಹೇಶ ತಿರುಗಿ ಬಂದವನೇ ಅಕ್ಬರಸಾಬನ ಪಕ್ಕೆಗೆ ಒದ್ದ. ಮುದುಕ ಅರ್ಧ ಹೊಲಿದ ಗಾದಿಯ ಮೇಲೆ ಅಡ್ಡಬಿದ್ದ. ಅರಳೆ ಬಡಿಯುವ ಬಡಿಗೆ ಪಕ್ಕದಲ್ಲೇ ಇತ್ತು. ಮಹೇಶ ಅದನ್ನೆತ್ತಿ ಮೊಣಕಾಲ ಕೆಳಗೆ ಹೊಡೆದ.

“ಊರು ಹೇಳು.”

“ಹೇಳಂಗಿಲ್ಲ.”

ಇನ್ನೊಂದು ಏಟು ಅದೇ ಜಾಗಕ್ಕೆ ಬಿತ್ತು. ಮೈನೋದ್ದೀನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಸಮಾಧಾನದ ದನಿಯಲ್ಲಿ ಹೇಳಿದ. “ಅಕೀಗೆ ಏನೂ ಮಾಡಂಗಿಲ್ಲ ಕಾಕಾ. ಒಂದು ಬಟನ್ ಒತ್ತಸ್ತೇನಿ, ಅಷ್ಟ.”

“ಬಟನ್ ಒತ್ತಸಾಕ ಬಡಿಗಿ ಯಾಕ ತಗೊಂಡಿ?”

ಮೈನೋದ್ದೀನ ಅವನ ಬಾಯಿಗೆ ಮುಷ್ಟಿಯಿಂದ ಗುದ್ದಿದ. ಒಂದು ಹಲ್ಲು ಮುರಿದು ತುಟಿ ಸೀಳಿತು. ಆಮೇಲೆ ಮುದುಕನ ಅಂಗಿ ಜೇಬಿನಿಂದ ಮೊಬೈಲ್ ಕಿತ್ತುಕೊಂಡ. ಅದು ಲಾಕ್ ಆಗಿತ್ತು. ಅಕ್ಬರಸಾಬನ ಬಲಗೈ ಹೆಬ್ಬೆರಳನ್ನು ಹಿಡಿದು ಅದಕ್ಕೆ ಒತ್ತಿದ. ತೆರೆಯಲಿಲ್ಲ. ದಬ್ಬಣ ಹಿಡಿದು ಸವೆದ ಆ ಬೆರಳನ್ನು ರೇಷನ್ ಅಂಗಡಿಯ ಯಂತ್ರವೂ ಒಪ್ಪುತ್ತಿರಲಿಲ್ಲ. ಅವನು ಪರದೆಯ ಮೇಲೆ ಗೆರೆ ಎಳೆದು ಫೋನ್ ತೆರೆಯುತ್ತಿದ್ದ.

“ಎಳಿ ಗೆರಿ,” ಅಂದ ಮೈನೋದ್ದೀನ.

“ಮರತೈತಿ.”

“ನೆನಪು ಮಾಡು.” ಹೆಬ್ಬೆರಳನ್ನು ಹಿಂದಕ್ಕೆ ಬಗ್ಗಿಸಿದ. ಅದು ಬುಡದಲ್ಲಿ ಮುರಿಯಿತು. ಅಕ್ಬರಸಾಬ ಕೂಗಿದ, ಆದರೆ ಗೆರೆ ಎಳೆಯಲಿಲ್ಲ. ಮಹೇಶ ಆ ಅಂಗೈಯನ್ನು ನೆಲಕ್ಕೆ ಹರವಿ ಮೇಲೆ ಕಾಲಿಟ್ಟು ನಿಂತ.

ಅಷ್ಟರಲ್ಲಿ ಮೈನೋದ್ದೀನನ ಕೈಯಲ್ಲಿದ್ದ ಫೋನ್ ರಿಂಗಾಯಿತು. ಪರದೆಯ ಮೇಲೆ ‘ತಮನ್ನಾ’ ಎಂದಿತ್ತು. ಬಂದ ಕರೆ ಎತ್ತಲು ಲಾಕ್ ತೆರೆಯಬೇಕಿಲ್ಲ. ಅವನು ಸ್ಪೀಕರ್ ಹಾಕಿದ.

“ಅಪ್ಪಾ, ಊಟ ಆತು?”

“ಇಲ್ಲ. ಈಗ ಬಡಸಾಕತ್ತೇವಿ.”

“ಯಾರು?”

“ನೀ ದೂರು ಕೊಟ್ಟ ಲಾಡ್ಜಿನ ಮಾಲೀಕ.”

ಬಡಿಗೆ ಕೈಯ ಮೇಲೆ ಬಿತ್ತು. ಆ ಕೂಗು ಹುಕ್ಕೇರಿಯಲ್ಲಿ ಕೇಳಿಸಿತು. “ಮನಿ ಎಲ್ಲಿ ಅಂತ ಹೇಳಬ್ಯಾಡ, ಮಗಳ,” ಅಂದ ಅಕ್ಬರಸಾಬ. ಬಾಯಲ್ಲಿ ರಕ್ತ ತುಂಬಿ ಮಾತು ತೊದಲುತ್ತಿತ್ತು.

“ಏನ್ ಬೇಕು ನಿಮಗ?” ತಮನ್ನಾ ಕೇಳಿದಳು.

“ದೂರು ತೆಗಿ.”

“ತೆಗೀತೇನಿ. ಅಪ್ಪನ್ನ ಬಿಡ್ರಿ.”

“ಮೊದಲ ತೆಗಿ. ತೆಗಿಯೂತನಕ ಇಂವ ನಿಂದ್ರಸಂಗಿಲ್ಲ.”

ಮಹೇಶ ನಿಲ್ಲಿಸಲಿಲ್ಲ. ಬೆನ್ನು, ಭುಜ, ಮತ್ತೆ ಕಾಲು. ಫೋನಿನಲ್ಲಿ ತಮನ್ನಾಳ ಏದುಸಿರು ಕೇಳುತ್ತಿತ್ತು.

“ಓಟಿಪಿ ಕೇಳಾಕತ್ತೈತಿ. ಇನ್ನೂ ಬಂದಿಲ್ರಿ. ನೆಟ್‌ವರ್ಕ್ ಸರಿ ಇಲ್ಲ, ಹೊಡೀಬ್ಯಾಡ್ರಿ, ಮಾಳಿಗಿ ಮ್ಯಾಲ ಹೊಂಟೇನಿ.”

ಮಹೇಶ ಹೊಡೆಯುತ್ತಲೇ ಇದ್ದ. ಓಟಿಪಿ ಬಂತು. ದೂರು ಹಿಂಪಡೆಯಲು ಕಾರಣವೇನೆಂದು ಆ್ಯಪ್ ಕೇಳಿತು. ಕೊಟ್ಟಿದ್ದ ಮೂರು ಕಾರಣಗಳಲ್ಲಿ ತಮನ್ನಾ ಮೊದಲನೆಯದನ್ನು ಒತ್ತಿದಳು: ‘ಸಮಸ್ಯೆ ಬಗೆಹರಿದಿದೆ.’

ಮೈನೋದ್ದೀನ ತನ್ನ ಮೊಬೈಲ್ ನೋಡಿ ತಲೆಯಾಡಿಸಿದ. ಗಾದಿಯಿಂದ ಹೊರಬಂದಿದ್ದ ಅರಳೆ ಕಿತ್ತು ಕೈ ಒರೆಸಿಕೊಂಡ. ಇಬ್ಬರೂ ಬೈಕ್ ಹತ್ತಿ ಹೋದರು. ಹೊಲದಿಂದ ಬಂದ ಪಕ್ಕದ ಮನೆಯ ಕಾಡವ್ವ ಚಿಲಕ ತೆಗೆದು ಮುಮ್ತಾಜಳನ್ನು ಹೊರಗೆ ಬಿಟ್ಟಳು. ಬಾಗಿಲು ಬಡಿದು ಮುಮ್ತಾಜಳ ಅಂಗೈ ಸುಲಿದಿತ್ತು.

ಮರುದಿನ ಗೋಕಾಕದ ಆಸ್ಪತ್ರೆಯಲ್ಲಿ ಹವಾಲ್ದಾರ ಕೇದಾರಿ ಅಕ್ಬರಸಾಬನ ಹೇಳಿಕೆ ಬರೆದುಕೊಂಡ. ಕಾಲಿನ ಮೂಳೆ ಒಂದು ಕಡೆ, ಬಲಗೈ ಮೂರು ಕಡೆ ಮುರಿದಿತ್ತು. ಆರೋಪಿಗಳು ಇನ್ನೂ ಸಿಕ್ಕಿರಲಿಲ್ಲ.

“ನಂದೂ ಬರಕೋರಿ,” ಹುಕ್ಕೇರಿಯಿಂದ ಬಂದಿದ್ದ ತಮನ್ನಾ ಹೇಳಿದಳು. “ಅಂವ ಕೋಣ್ಯಾಗ ಬಂದಿದ್ದು. ನನ್ನ ಕಾರ್ಡ್ ನೋಡಿ ಅಪ್ಪನ ಮನಿಗೆ ಹೋಗಿದ್ದು.”

“ಕೋಣ್ಯಾಗ ಬಂದಿದ್ದಕ್ಕ ಕಲಂ ಐತಿ. ಕಾರ್ಡಿಂದು ಹೇಳಿಕ್ಯಾಗ ಬರೀತೇನಿ, ಆದ್ರ ಮಂದಿ ಮಾಹಿತಿ ದುರುಪಯೋಗಕ್ಕ ಬ್ಯಾರೆ ಕಾಯ್ದೆ ಬಂದೈತಿ. ಇನ್ನೂ ಪೂರಾ ಜಾರಿ ಆಗಿಲ್ಲ. ಆದಮ್ಯಾಗೂ ಅದು ದಂಡದ ಕಾಯ್ದೆ, ಜೈಲಿಂದಲ್ಲ. ದೂರು ದಿಲ್ಲಿ ಕಡೆ ಅದರ ಮಂಡಳಿಗೆ ಬರೀಬೇಕು.” ಕೇದಾರಿ ಪೆನ್ನು ಕೆಳಗಿಟ್ಟ. “ಒಂದು ಮಾತು ಹೇಳ್ತೇನಿ ತಂಗಿ. ಅಪ್ಪನ ಹೇಳಿಕಿ ಸಾಕು. ನೀ ದೂರುದಾರಳಾದ್ರ ಈಗಿನ ವಿಳಾಸ ಬರೀಬೇಕಾಗ್ತೈತಿ. ಎಫ್‌ಐಆರ್ ಪ್ರತಿ ಅವರಿಗೂ ಸಿಗತೈತಿ.”

“ಬ್ಯಾಡ,” ಹಾಸಿಗೆಯಿಂದ ಅಕ್ಬರಸಾಬ ಹೇಳಿದ. “ಇಷ್ಟು ಬಡಿಸಿಕೊಂಡಿದ್ದು ಯಾತಕ್ಕ?”

ತಮನ್ನಾ ಬಾಗಿಲ ಕಡೆ ತಿರುಗಿದಳು. ಅವಳ ಗಂಡ ಸೈಫಅಲಿ ಬಾಗಿಲ ಬಳಿ ಮೊಬೈಲ್ ಹಿಡಿದು ನಿಂತಿದ್ದ. ಬೆಳಿಗ್ಗೆಯಿಂದ ಅವನು ಆ್ಯಪಿನವರ ಜೊತೆ ಮಾತಾಡುತ್ತಿದ್ದ. ಹಿಂಪಡೆದ ದೂರನ್ನು ಮತ್ತೆ ತೆರೆಯಲು ಬರುವುದಿಲ್ಲ, ಒಂದು ಬುಕಿಂಗಿಗೆ ಒಂದೇ ದೂರು ಎಂದಷ್ಟೇ ಉತ್ತರ ಬಂದಿತ್ತು.

“ಲಾಡ್ಜ್ ಚಾಲೂ ಐತೇನ್ರಿ?” ತಮನ್ನಾ ಕೇಳಿದಳು.

“ಚಾಲೂ ಐತಿ. ಶನಿವಾರಕ್ಕ ಒಂದ ಕೋಣಿ ಖಾಲಿ ತೋರಸಾಕತ್ತೈತಿ. ನಾವಿದ್ದಿದ್ದು ಬುಕ್ ಆಗೇತಿ.”

ಅವಳು ಅಪ್ಪನ ಮುಖ ನೋಡಿದಳು. ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ಇನ್ನೊಂದು ಅವಳನ್ನೇ ನೋಡುತ್ತಿತ್ತು.

“ಅಪ್ಪಾ, ಆ ಕೋಣಿಗೆ ಇನ್ನೂ ಚಿಲಕ ಇಲ್ಲ,” ಅಂದಳು.

ಅಕ್ಬರಸಾಬ ಮುಖ ಆ ಕಡೆ ತಿರುಗಿಸಿದ. ಮತ್ತೆ ಬೇಡ ಅನ್ನಲಿಲ್ಲ.

“ಬರಕೋರಿ ಸಾಹೇಬ್ರ. ತಮನ್ನಾ, ಗಂಡ ಸೈಫಅಲಿ ನದಾಫ.” ಓಣಿಯ ಹೆಸರು, ಮನೆ ನಂಬರು, ಹುಕ್ಕೇರಿ. ಕೇದಾರಿ ಬರೆದು, ಗಟ್ಟಿಯಾಗಿ ಓದಿದ. ಮನೆ ನಂಬರಿನಲ್ಲಿ ಒಂದು ಅಂಕಿ ತಪ್ಪಾಗಿತ್ತು.

ತಮನ್ನಾ ಅದನ್ನು ತಿದ್ದಿಸಿದಳು.