ಅವ್ವನ ಕರಡಿಗೆ

ಬೈಲಹೊಂಗಲದ ನನ್ನವ್ವ ಸಾವಂತ್ರವ್ವನ ಲೆಕ್ಕದಲ್ಲಿ ಬೆಳಗಾವಿ ದಾಟಿದರೆ ಪರದೇಶ. ಆ ಪರದೇಶಕ್ಕೆ, ಅಂದರೆ ಪುಣೆಗೆ, ಅವಳು ಮೊದಲ ಸಲ ಬಂದದ್ದು ನನ್ನ ಮದುವೆಯಾಗಿ ಒಂಬತ್ತು ವರ್ಷವಾದ ಮೇಲೆ. ಅಪ್ಪ ಬರಲಿಲ್ಲ. ನಾನು ಮರಾಠಿಯವನಾದ ಸ್ವಪ್ನಿಲನನ್ನು ಮದುವೆಯಾದದ್ದು ಅಪ್ಪನಿಗೆ ಇನ್ನೂ ಗಂಟಲಲ್ಲಿ ಸಿಕ್ಕ ಮುಳ್ಳು. "ಮೂರ ದಿನ ಅಷ್ಟ" ಎಂದು ಕರಾರು ಮಾಡಿಕೊಂಡೇ ಬಂದಿದ್ದ ಅವ್ವನಿಗೆ ಒಂದೇ ದಿನದಲ್ಲಿ ಇಡೀ ಊರು ತೋರಿಸಿಬಿಡಬೇಕೆಂಬ ಹಟ ನನಗೆ. ನೋಡು, ನಿನ್ನ ಮಗಳು ಹಾಳಾಗಿಲ್ಲ, ಎಂಥ ಊರಲ್ಲಿದ್ದಾಳೆ ನೋಡು ಎಂದು ತೋರಿಸುವ ಹಟ.

ಬೆಳಿಗ್ಗೆ ಏಳೂವರೆಗೆ ಬಿಬವೇವಾಡಿಯ ನಮ್ಮ ಮನೆಯಲ್ಲಿ ಅವ್ವನಿಗೆ ಇನ್ಸುಲಿನ್ ಸೂಜಿ ಚುಚ್ಚಿ ನಾಷ್ಟಾ ಮಾಡಿಸಿದವಳು ನಾನೇ. ನಾನು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು, ಸಕ್ಕರೆ ಅಳೆಯುವ ಪುಟ್ಟ ಯಂತ್ರ ನನ್ನ ಚೀಲದಲ್ಲಿ ಸದಾ ಇರುತ್ತದೆ. ಮಧ್ಯಾಹ್ನ ಒಂದು ಗಂಟೆಯೊಳಗೆ ಊಟ ಆಗಲೇಬೇಕು ಎಂದು ಹೊರಡುವ ಮೊದಲೇ ಎರಡು ಸಲ ಹೇಳಿದ್ದೆ. ಹೇಳುವುದು ನನಗೆ ಚೆನ್ನಾಗಿ ಬರುತ್ತದೆ.

ಸ್ವಾರಗೇಟ್ ಮೆಟ್ರೋ ಸ್ಟೇಷನ್ನಿನಲ್ಲಿ ತಪಾಸಣೆ ಮಾಡುವ ಹುಡುಗಿ ಸ್ನೇಹಲ್ (ಎದೆಯ ಮೇಲಿನ ಬಿಲ್ಲೆಯಲ್ಲಿ ಹೆಸರಿತ್ತು) ಅವ್ವನ ಮೈಮೇಲೆ ಕೈಯಂತ್ರ ಆಡಿಸಿದಾಗ ಅದು ಎದೆಯ ಹತ್ತಿರ ಕುಂಯ್ ಎಂದಿತು. "ಆಜಿ, ಕಾಯ್ ಆಹೆ?" ಅಜ್ಜಿ, ಏನದು ಎಂದು ಕೇಳಿದಳು. ಅವ್ವ ಸೆರಗು ಬಿಗಿಹಿಡಿದು ನನ್ನ ಮುಖ ನೋಡಿದಳು. ಹಿಂದೆ ಸಾಲು ಬೆಳೆಯುತ್ತಿತ್ತು. ಆಫೀಸಿಗೆ ಹೋಗುವ ಹೆಂಗಸರು ನಾಲಿಗೆ ಲೊಚಗುಟ್ಟುತ್ತಿದ್ದರು. ನನಗೆ ನಾಚಿಕೆಯಾಯಿತು. ಸುಳ್ಳೇಕೆ ಹೇಳಲಿ, ನಾಚಿಕೆಯೇ ಆಯಿತು.

"ಏನಿಲ್ಲ, ಒಡವೆ" ಎಂದು ಸ್ನೇಹಲ್‌ಗೆ ಮರಾಠಿಯಲ್ಲಿ ಹೇಳಿ, "ಅವ್ವಾ, ಲಗೂನ ತಗದ ಆ ಟ್ರೇದಾಗ ಇಡು" ಎಂದು ಅವಸರ ಮಾಡಿದೆ.

"ಕಳ್ಯಾಕ ಬರೂದಿಲ್ಲ ತಂಗಿ."

"ಎರಡ ನಿಮಿಷ ಅಷ್ಟ. ಮಂದಿ ನಿಂತಾರ ನೋಡು."

ಅವ್ವ ಕೊರಳಿನ ಶಿವದಾರ ತೆಗೆದು, ಬೆಳ್ಳಿಯ ಕರಡಿಗೆಯನ್ನು ಕಣ್ಣಿಗೆ ಒತ್ತಿಕೊಂಡು ಟ್ರೇಯಲ್ಲಿಟ್ಟಳು. ಲಿಂಗಾಯತರ ಮನೆಯಲ್ಲಿ ಹುಟ್ಟಿದವರಿಗೆ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ: ಆ ಕರಡಿಗೆಯೊಳಗೆ ಇಷ್ಟಲಿಂಗ ಇರುತ್ತದೆ. ಅದು ಹುಟ್ಟಿನಿಂದ ಸಾವಿನವರೆಗೆ ಮೈಮೇಲಿರಬೇಕು. ನನ್ನ ಅವ್ವನಂಥವರು ಅದು ಮೈಮೇಲಿಲ್ಲದೆ ಒಂದು ಗುಟುಕು ನೀರೂ ಕುಡಿಯುವುದಿಲ್ಲ.

ಅಷ್ಟರಲ್ಲಿ ಗಾಡಿ ಬಂದ ಸದ್ದು ಕೇಳಿತು. ನಾನು ಚೀಲಗಳನ್ನು ಬಾಚಿಕೊಂಡು, ಅವ್ವನ ರಟ್ಟೆ ಹಿಡಿದು ಓಡಿದೆ.

ಪೇಶ್ವೆಗಳ ಶನಿವಾರವಾಡೆಯ ಮೊಳೆ ಬಡಿದ ದೊಡ್ಡ ಬಾಗಿಲು ನೋಡಿ ಅವ್ವ ಬೆರಗಾದಳು. ಒಳಗೆ ಹೋಗಿ ಒಂದು ಸುತ್ತು ಹಾಕಿ, "ಅಯ್ಯ, ಇದೂ ನಮ್ಮ ಕಿತ್ತೂರ ಕ್ವಾಟಿ ಹಂಗ. ಬರೇ ಗ್ವಾಡಿ" ಎಂದಳು. ಇಬ್ಬರೂ ನಕ್ಕೆವು. ಒಂಬತ್ತು ವರ್ಷದ ಮೇಲೆ ಒಟ್ಟಿಗೆ ನಕ್ಕದ್ದು ಅದೇ ಮೊದಲು. ಅಲ್ಲಿಂದ ಮತ್ತೆ ಮೆಟ್ರೋ ಹತ್ತುವಾಗ ಯಂತ್ರ ಕೂಗಲಿಲ್ಲ. ಸದ್ಯ, ಗೊಂದಲವಿಲ್ಲ ಎಂದು ನಾನು ಖುಷಿಪಟ್ಟೆ. ಲ್ಯಾಬಿನಲ್ಲಿ ಒಂದು ಹನಿ ರಕ್ತದಲ್ಲಿ ಹತ್ತು ರೋಗ ಹುಡುಕುವ ಜಾಣೆ ನಾನು.

ಆಗಾಖಾನ್ ಅರಮನೆಯ ತೋಟದಲ್ಲಿ, ಬೇವಿನ ಮರದ ಕೆಳಗೆ, ಹನ್ನೆರಡೂವರೆಗೆ ಬುತ್ತಿ ಬಿಚ್ಚಿದೆ. ಅವ್ವ ಕೈತೊಳೆದು, ಊಟಕ್ಕೆ ಮೊದಲಿನ ರೂಢಿಯಂತೆ ಎದೆಗೆ ಕೈಯಿಟ್ಟಳು. ಕೈ ಅಲ್ಲೇ ನಿಂತಿತು. ಮುಖದ ಬಣ್ಣ ಇಳಿಯುವುದನ್ನು ನಾನು ಕಣ್ಣಾರೆ ಕಂಡೆ.

"ರೇಣು, ನನ್ನ ಲಿಂಗಪ್ಪ?"

ಚೀಲ ಕೊಡವಿದೆ. ಬುತ್ತಿಯ ಗಂಟು, ನೀರಿನ ಬಾಟಲಿ, ಕೊಡೆ, ಎಲ್ಲ ಹುಲ್ಲಿನ ಮೇಲೆ ಬಿತ್ತು. ಕರಡಿಗೆ ಇರಲಿಲ್ಲ. ಗಾಡಿ ಹಿಡಿಯುವ ಗಡಿಬಿಡಿಯಲ್ಲಿ ಅದು ಸ್ವಾರಗೇಟಿನ ಟ್ರೇಯಲ್ಲೇ ಉಳಿದಿತ್ತು. ಮೆಟ್ರೋದವರ ನಂಬರಿಗೆ ಫೋನು ಮಾಡಿದೆ. ಸಿಕ್ಕ ಸಾಮಾನಿನ ವಿಷಯ ಫೋನಿನಲ್ಲಿ ಹೇಳುವುದಿಲ್ಲ, ಸ್ಟೇಷನ್ನಿಗೇ ಬರಬೇಕು ಎಂದರು.

"ಹೋಗೂಣು. ಮೊದಲ ಎರಡ ತುತ್ತ ತಿನ್ನು" ಎಂದೆ.

"ಹೆಂಗ ತಿನ್ಲಿ?"

"ನೀರರ ಕುಡಿ. ಸಕ್ರಿ ಹಾಕಿ ಕೊಡ್ತೀನಿ."

ಅವ್ವ ಬೇಡವೆಂದು ತಲೆಯಾಡಿಸಿದಳು. ಬೆರಳು ಚುಚ್ಚಿ ಸಕ್ಕರೆ ಎಷ್ಟಕ್ಕಿಳಿದಿದೆ ನೋಡಿದೆ. ಎಪ್ಪತ್ತೊಂದು. ಸೂಜಿಯ ಔಷಧಿ ಇನ್ನೂ ಒಳಗೆ ಕೆಲಸ ಮಾಡುತ್ತಿತ್ತು, ಈ ಅಂಕಿ ಇಳಿಯುತ್ತಲೇ ಹೋಗುತ್ತದೆಂದು ನನಗೆ ಗೊತ್ತಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಹೆದರಿಕೆಯಾದಾಗ ನನಗೆ ಸಿಟ್ಟೇ ಬರುವುದು.

"ಒಂದ ಕಲ್ಲಿನ ಸಲುವಾಗಿ ಸಾಯ್ತಿಯೇನ?"

ಅವ್ವ, "ಕಲ್ಲ ಅನಬ್ಯಾಡ" ಎಂದಳು. ಅಷ್ಟೇ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅರಮನೆಯ ಹತ್ತಿರದ ಕಲ್ಯಾಣಿ ನಗರ ಸ್ಟೇಷನ್ನಿನಿಂದ ವಾಪಸ್ಸು ಗಾಡಿ ಹತ್ತಿದೆವು. ಅವ್ವನ ಹಣೆಯ ವಿಭೂತಿಯ ಮೇಲೆ ಬೆವರು ಮೂಡಿತ್ತು. ಸಿವಿಲ್ ಕೋರ್ಟ್ ಸ್ಟೇಷನ್ನಿನಲ್ಲಿ ಗಾಡಿ ಬದಲಿಸುವಾಗ ಅವಳ ಕಾಲು ತೊಡರಿತು. ಅಲ್ಲೇ ಬೆಂಚಿನಲ್ಲಿ ಕೂರಿಸಿ ಮತ್ತೆ ಚುಚ್ಚಿದೆ. ಅರವತ್ತು. ಐವತ್ತಕ್ಕೆ ಇಳಿದರೆ ಅವಳನ್ನು ಕೇಳದೆ ಆಸ್ಪತ್ರೆಗೆ ಹಾಕಿ ನರಕ್ಕೇ ಗ್ಲೂಕೋಸ್ ಏರಿಸುವುದು ಎಂದು ತೀರ್ಮಾನಿಸಿದೆ. ಅವಳು ಮುಂದೆಂದೂ ನನ್ನ ಮುಖ ನೋಡದಿದ್ದರೂ ಸರಿ.

ಅವಳ ತಣ್ಣನೆಯ ಕೈ ಹಿಡಿದು ಕೂತಾಗ ಹಳೆಯ ಹುಣ್ಣೊಂದು ಕೆದರಿತು. ಮದುವೆಗೆಂದು ಮನೆಬಿಟ್ಟ ದಿನ ನಾನು ನನ್ನ ಲಿಂಗವನ್ನು ಕೊರಳಿಂದ ಬಿಚ್ಚಿ ದೇವರ ಜಗಲಿಯ ಮೇಲಿಟ್ಟು ಬಂದಿದ್ದೆ. ಅಪ್ಪನ ಮೇಲಿನ ಸಿಟ್ಟಿಗೆ. ತಿಂಗಳ ಮೇಲೆ ಫೋನಿನಲ್ಲಿ ಕೇಳಿದಾಗ ಅವ್ವ, "ಮಠಕ್ಕ ಕೊಟ್ಟ ಬಂದೇನಿ" ಎಂದಿದ್ದಳು. ಬಿಟ್ಟು ಬಂದವಳು ನಾನೇ. ಆದರೂ ಅಷ್ಟು ಬೇಗ ಕೊಟ್ಟುಬಿಟ್ಟಳಲ್ಲ ಎಂದು ಅವತ್ತು ಬಚ್ಚಲಲ್ಲಿ ನಿಂತು ಅತ್ತಿದ್ದೆ. ಒಂಬತ್ತು ವರ್ಷ ಅದನ್ನು ಅವಳಿಗೆ ಮಾಫ್ ಮಾಡಿರಲಿಲ್ಲ.

ಸ್ವಾರಗೇಟ್ ಮುಟ್ಟಿದಾಗ ಎರಡು ಗಂಟೆ ಹತ್ತು ನಿಮಿಷ. ಸ್ನೇಹಲ್ ಪಾಳಿ ಮುಗಿಸಿ ಹೋಗಿದ್ದಳು. ಅವ್ವನನ್ನು ಆಫೀಸಿನ ಎದುರಿನ ಬೆಂಚಿನಲ್ಲಿ ಕೂರಿಸಿ ಒಳಗೆ ಓಡಿದೆ. ಕನ್ನಡಕದ ಸಾಹೇಬರೊಬ್ಬರು ದಪ್ಪ ರಿಜಿಸ್ಟರ್ ತೆರೆದು ನಿಧಾನವಾಗಿ ಬೆರಳಾಡಿಸಿದರು. ಬೆಳ್ಳಿಯ ಡಬ್ಬಿಯೊಂದು ಸಿಕ್ಕಿದೆ ಎಂದರು.

"ಒಳಗೆ ಏನಿದೆ ಹೇಳಿ" ಎಂದು ಮರಾಠಿಯಲ್ಲಿ ಕೇಳಿದರು. "ಬೆಳ್ಳಿ ಸಾಮಾನು. ಗುರುತು ಹೇಳದೆ ಕೊಡುವ ಹಾಗಿಲ್ಲ."

"ಲಿಂಗ. ನೇರಳೆಹಣ್ಣಿನಷ್ಟು, ಕಪ್ಪಗೆ. ಒಂದು."

ಅವರು ರಿಜಿಸ್ಟರ್ ನೋಡಿದರು, ನನ್ನನ್ನು ನೋಡಿದರು. "ತಾಳೆಯಾಗುವುದಿಲ್ಲ."

"ಏನು ತಾಳೆಯಾಗುವುದಿಲ್ಲ? ಹುಟ್ಟಿದಾಗಿನಿಂದ ನೋಡಿದ್ದೇನೆ ನಾನು!"

"ನೀವು ಹೇಳುವುದೂ ಇಲ್ಲಿ ಬರೆದಿರುವುದೂ ಬೇರೆ, ತಾಯಿ. ಅರ್ಜಿ ಕೊಡಿ, ನಾಳೆ ನೋಡೋಣ."

ನಾಳೆ! ನಾನು ಮೇಜು ಗುದ್ದಿದೆ. ಅಲ್ಲಿ ಹೊರಗೆ ನನ್ನ ಅವ್ವ ಸಾಯುತ್ತಿದ್ದಾಳೆ ಎಂದು ಕೂಗಿದೆ. ಅವರು ಗಾಬರಿಯಾಗಿ ಎದ್ದು ನಿಂತರು, ರಿಜಿಸ್ಟರ್ ಮಾತ್ರ ಎದೆಗೆ ಅವಚಿಕೊಂಡಿದ್ದರು. ಹೊರಗೆ ಓಡಿದೆ. ಅವ್ವ ಕಣ್ಣು ಮುಚ್ಚಿ ಗೋಡೆಗೆ ಒರಗಿದ್ದಳು, ತುಟಿ ಅದುರುತ್ತಿತ್ತು. ಬೆರಳು ಚುಚ್ಚಿದೆ. ಐವತ್ತಮೂರು.

"ಅವ್ವಾ, ಒಳಗ ಏನ ಅದ ಹೇಳ ಅಂತಾರ. ಒಂದ ಲಿಂಗ ಅಂದ್ನಿ, ಅಲ್ಲ ಅಂತಾರ. ಮತ್ತೇನರ ಇಟ್ಟೀಯೇನ?"

ಅವ್ವ ಕಣ್ಣು ತೆರೆಯಲಿಲ್ಲ. ಹೇಳಲೋ ಬೇಡವೋ ಎಂದು ತೂಗುತ್ತಿರುವುದು ಅವಳ ಹುಬ್ಬಿನಲ್ಲೇ ಕಾಣುತ್ತಿತ್ತು.

"ಎರಡ ಅದಾವು" ಎಂದಳು.

"ಎರಡ?"

"ಒಂದ ನಂದು. ಒಂದ ನಿಂದು."

ಸ್ಟೇಷನ್ನಿನ ಸದ್ದೆಲ್ಲ ನನ್ನ ಕಿವಿಗೆ ಬೀಳುವುದು ನಿಂತಿತು. ಒಳಗೆ ಹೋಗಿ ಎರಡು ಎಂದು ಹೇಳಿದೆನೋ, ಬೆರಳೆತ್ತಿ ತೋರಿಸಿದೆನೋ ನೆನಪಿಲ್ಲ. ಸಾಹೇಬರು ಬೀರು ತೆಗೆದು, ಕರ್ಚೀಫಿನಲ್ಲಿ ಹಿಡಿದು ಕರಡಿಗೆಯನ್ನು ತಂದರು. "ದೇವರು ಅಂತ ಗೊತ್ತಾಯಿತು, ಒಳಗೆ ಕೈ ಹಾಕಿಲ್ಲ" ಎಂದರು. ಸಹಿ ಎಲ್ಲಿ ಬಿತ್ತೋ ನೋಡದೆ ಗೀಚಿದೆ. ನಾನೇ ಶಿವದಾರವನ್ನು ಅವ್ವನ ಕೊರಳಿಗೆ ಹಾಕಿದೆ. ಅವಳು ಕರಡಿಗೆಯನ್ನು ಕಣ್ಣಿಗೆ ಒತ್ತಿಕೊಂಡು ಎದೆಗಿಳಿಸಿ, ಆಮೇಲೆ ಬಾಯಿ ತೆರೆದಳು. ಸಕ್ಕರೆ ನೀರನ್ನು ಗುಟುಕು ಗುಟುಕಾಗಿ ಕುಡಿಸಿದೆ. ಅರ್ಧ ಅವಳ ಸೆರಗಿನ ಮೇಲೆ ಚೆಲ್ಲಿತು.

ಹತ್ತು ನಿಮಿಷಕ್ಕೆ ಅವಳ ಕಣ್ಣಿಗೆ ಕಳೆ ಬಂತು. ನಾನು ತಡೆಯಲಾರದೆ ಕೇಳಿದೆ. "ಮಠಕ್ಕ ಕೊಟ್ಟೆ ಅಂದಿದ್ದೆಲ್ಲ?"

"ನಿಮ್ಮಪ್ಪಗ ಹಂಗ ಹೇಳಿದ್ದೆ. ಒಬ್ಬರಿಗೊಂದ ಒಬ್ಬರಿಗೊಂದ ಹೇಳಿದ್ರ ಎಲ್ಲೆರ ಸಿಕ್ಕ ಬೀಳ್ತೇನಿ ಅಂತ ನಿನಗೂ ಅದನ್ನ ಹೇಳಿದೆ."

"ಅಂದರ ಒಂಬತ್ತ ವರ್ಷ..."

"ದಿನಾ ಎರಡಕ್ಕೂ ನೀರ ಹಾಕ್ತೇನಿ, ಪತ್ರಿ ಏರಸ್ತೇನಿ." ಅವ್ವ ಎದೆಯ ಮೇಲೆ ಕೈಯಿಟ್ಟುಕೊಂಡಳು. "ನನಗೇನ ಹೊಸಾದಲ್ಲ ಬಿಡು. ನೀ ಹೊಟ್ಟ್ಯಾಗ ಇದ್ದಾಗ ಎಂಟನೇ ತಿಂಗಳಿಗೆ ಮಠದ ಅಯ್ಯಾರು ಬಂದು ಕೂಸಿಂದಂತ ಇನ್ನೊಂದು ಕಟ್ಟಿದ್ರು. ಹಡ್ಯೂತನಕ ಎರಡೂ ನನ್ನ ಕೊಳ್ಳಾಗ ಇದ್ದೂ. ನೀ ಹೋದ ಮ್ಯಾಲೆ ತಿರಗಿ ಕಟಗೊಂಡೆ. ಇನ್ನೂ ಹಡದಿಲ್ಲ ಅಂತ ತಿಳಕೊಂಡೇನಿ."

ನನ್ನದನ್ನು ಕೊಡು ಎಂದು ಕೈಚಾಚುವ ಮುಖ ನನಗಿರಲಿಲ್ಲ. ಅವಳೂ ತಗೋ ಎನ್ನಲಿಲ್ಲ. ಬುತ್ತಿ ಬಿಚ್ಚಿ, ರೊಟ್ಟಿ ಮುರಿದು, ಬದನೆಕಾಯಿ ಹಚ್ಚಿ ಅವಳ ಬಾಯಿಗಿಟ್ಟೆ. ಅವಳು ಅಗಿಯುತ್ತಾ ನನ್ನ ಕಣ್ಣೊರೆಸಿ, "ಉಪ್ಪ ಕಡಿಮಿ ಆಗೇತಿ" ಎಂದಳು.