ನಡವಳಿ ಪುಸ್ತಕದ ನಲವತ್ತೇಳನೇ ಪುಟ

“ಏಯ್, ಅಲ್ ಕೂರ್‍ಬ್ಯಾಡ ಕಣಮ್ಮ, ಕುರ್ಚಿ ಈಗ ಒರ್ಸಿರೋದು.”

ಒರೆಸಿದವಳು ಮಾದೇವಮ್ಮನೇ. ಬೆಳಗ್ಗೆ ವಿಜಯನಗರದ ಆಚೆಯ ಬಡಾವಣೆ ಗುಡಿಸಿ ಬಂದು, ವಾರ್ಡ್ ಕಚೇರಿಯ ಹನ್ನೊಂದು ಕುರ್ಚಿಗಳನ್ನೂ ಒರೆಸಿದ್ದಳು. ವಾರ್ಡ್ ಸಮಿತಿಯಲ್ಲಿ ನಮ್ಮ ಕೇರಿಯ ಹೆಂಗಸೊಬ್ಬಳಿರಬೇಕೆಂದು ಸುಧಾರಣೆಯ ಹೆಸರಲ್ಲಿ ಸರ್ಕಾರದ ಹೊಸ ಆದೇಶ ಬಂದಿತ್ತು. ಹಾಗಾಗಿ ಹನ್ನೊಂದರಲ್ಲಿ ಒಂದು ಅವಳದು. ಕೂತಳು.

ಗದರಿದ ಕಾರ್ಯದರ್ಶಿ ಗೋವಿಂದರಾಜು ಅಧ್ಯಕ್ಷ ವೃಷಭೇಂದ್ರಪ್ಪನವರ ಮುಖ ನೋಡಿದ. ಅವರು ನಕ್ಕರು.

“ಕೂತ್ಕಳ್ಲಿ ಬುಡ್ರೀ, ಪ್ರಜಾಪ್ರಭುತ್ವ ಅಲ್ವಾ? ಮಾದೇವಿ, ಮೊದ್ಲು ಎಲ್ರಿಗೂ ಟೀ ಕೊಟ್ಬುಡವ್ವ.”

ಕೊಟ್ಟಳು. ನಾವು ಮೂವರು ಪೊರಕೆ ಹಿಡಿದು ಕಿಟಕಿಯ ಹೊರಗಿದ್ದೆವು. ಸಭೆ ಸಾರ್ವಜನಿಕರಿಗೆ ಮುಕ್ತವೆಂದು ಬಾಗಿಲ ಮೇಲೆ ಚೀಟಿ ಅಂಟಿಸಿದ್ದರು. ಬಾಗಿಲಿಗೆ ಒಳಗಿನಿಂದ ಚಿಲಕ.

ನಮ್ಮ ನಗರಸಭೆಯ ಪದ್ಧತಿಯೇ ಹಾಗೆ. ಸಹಿ ಮೊದಲು, ಮಾತು ಆಮೇಲೆ, ನಿರ್ಣಯ ಎಲ್ಲರೂ ಮನೆ ಸೇರಿದ ಮೇಲೆ. ನಡವಳಿ ಪುಸ್ತಕದಲ್ಲಿ ಮೇಲೆ ತಾರೀಖು, ತಳದಲ್ಲೊಂದು ಪೆನ್ಸಿಲ್ ಗೆರೆ, ಗೆರೆಯ ಕೆಳಗೆ ಮೊದಲೇ ಬರೆದಿಟ್ಟ ಸದಸ್ಯರ ಹೆಸರು, ಹೆಸರಿನ ಮುಂದೆ ಸಹಿ. ನಡುವಿನ ಬಿಳಿ ಜಾಗದಲ್ಲಿ ಗೋವಿಂದರಾಜು ಆಮೇಲೆ ಸರ್ವಾನುಮತವನ್ನು ದುಂಡಗೆ ಬರೆಯುತ್ತಾನೆ. ಅಕ್ಷರ ಮುತ್ತಿನಂತಿದೆ, ಸುಳ್ಳು ಹೇಳಬಾರದು. ಹೋದ ಸಲ ಮಾದೇವಮ್ಮ ಕೇರಿಗೆ ಬೀದಿದೀಪ ಬರುತ್ತದೆಂದು ಆ ಗೆರೆಯ ಕೆಳಗೆ ಸಹಿ ಹಾಕಿದ್ದಳು. ದೀಪ ಬಂತು, ಅಧ್ಯಕ್ಷರ ಕಲ್ಯಾಣ ಮಂಟಪದ ಮುಂದೆ.

ಈ ಸಲ ಬಡಾವಣೆಯ ಕಸವನ್ನೆಲ್ಲ ನಮ್ಮ ಕೇರಿಯ ಅಂಗನವಾಡಿ ಪಕ್ಕ ಸುರಿಯುವ ವಿಷಯ. ಕೇರಿಯ ಸದಸ್ಯೆಯ ಸಹಿಯಿಲ್ಲದೆ ಅದು ಊರ್ಜಿತವಾಗದು. ಹಾಗಾಗಿ ಮೊದಲ ಸಹಿ ಅವಳದೇ ಆಗಬೇಕಿತ್ತು.

“ನಿಮಗೇ ಅನುಕೂಲ ಅಲ್ವಾಮ್ಮ? ಕೆಲಸಕ್ಕೆ ನಡ್ಕೊಂಡೇ ಹೋಗ್ಬಹುದು,” ಎಂದರು ಬಡಾವಣೆ ಸಂಘದ ಸೌಮ್ಯಶ್ರೀ ಮೇಡಂ. ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನಮ್ಮ ಮೂಗಿನ ನೆನಪೂ ಇರಲಿಲ್ಲ.

“ನಿಮ್ ಪಾರ್ಕ್ ಪಕ್ದಲ್ಲೇ ಸುರೀರಿ ಮೇಡಂ. ಅಲ್ಲೀಗಂಟ ನಡ್ಕಂಡ್ ಬತ್ತೀವಿ. ನಮ್ಗೇನ್ ಕಾಲಿಲ್ವಾ?”

ಕಿಟಕಿಯ ಹೊರಗೆ ನಾವು ನಕ್ಕುಬಿಟ್ಟೆವು. ವೃಷಭೇಂದ್ರಪ್ಪ ಲೋಟ ಕುಕ್ಕಿದರು.

“ಏನೇ, ಬಾಯಿ ಬಂದ್ಬುಡ್ತಾ? ನಿಂದು ಕಂಟ್ರಾಕ್ಟ್ ಪೊರಕೆ ಕಣೇ. ನಾಳೆಯಿಂದ ಹಾಜ್ರೀಲಿ ನಿನ್ ಹೆಸ್ರು ಇರ್‍ದಂಗ್ ಮಾಡ್ಲಾ? ಸಹಿ ಬಿಸಾಕ್ಬುಟ್ಟು ಎದ್ದೋಗು, ಮುಂಡೆ.”

ನಗು ನಿಂತಿತು. ಕೈಗವಸು ಕೇಳಿದ ನಂಜಯ್ಯನ ಹೆಸರು ಹೋದ ವರ್ಷ ಹಾಗೇ ಹಾಜರಿಯಿಂದ ಹೋಗಿತ್ತು.

“ಪುಸ್ತಕ ಕೊಡಿ ಸಾ,” ಎಂದಳು ಮಾದೇವಮ್ಮ.

ಗೋವಿಂದರಾಜು ಪೆನ್ಸಿಲ್ ಗೆರೆಯ ಕೆಳಗೆ ಬೆರಳಿಟ್ಟು ತೋರಿಸಿದ. ಅವಳ ಕೈ ಹತ್ತಿರ ಬಂದದ್ದೇ, ತಾಗೀತೆಂದು ಬೆರಳು ಹಿಂದಕ್ಕೆಳೆದುಕೊಂಡ. ಅವಳ ಪೆನ್ನು ನೇರ ಮೇಲಕ್ಕೆ, ತಾರೀಖಿನ ಬುಡಕ್ಕೆ ಹೋಯಿತು. ಸಾಕ್ಷರತಾ ಕೇಂದ್ರದಲ್ಲಿ ಕಲಿತ ಅಕ್ಷರ, ಒಂದೊಂದೂ ಇಡ್ಲಿಯ ಗಾತ್ರ. ಕಸಕ್ಕೆ ನಮ್ಮ ಕೇರಿ ಒಪ್ಪಿಲ್ಲ. ಮಾದೇವಮ್ಮ. ಗೆರೆ ಮುಟ್ಟುವವರೆಗೂ ಬರೆದಳು. ಬಿಳಿ ಜಾಗ ಉಳಿಯಲಿಲ್ಲ.

“ಹರಿದ್ ಬಿಸಾಕ್ರೀ ಅದ್ನ!”

“ಆಗಲ್ಲ ಸಾರ್. ಪುಟಕ್ಕೆ ನಂಬರಿದೆ, ಸೀಲಿದೆ. ನಲವತ್ತೇಳು. ಆಡಿಟ್‌ನಲ್ಲಿ ಕೇಳ್ತಾರೆ.”

ಮಾದೇವಮ್ಮ ಪುಸ್ತಕವನ್ನು ವೃಷಭೇಂದ್ರಪ್ಪನವರ ಮುಂದಿಟ್ಟಳು.

“ಹಾಕಿ ಸಾ. ಓದ್ಕಂಡ್ ಹಾಕಿ.”

ಒಬ್ಬರೂ ಪೆನ್ನು ಮುಟ್ಟಲಿಲ್ಲ. ನಮ್ಮ ಮೂವರಲ್ಲೊಬ್ಬಳಾದ ಕೆಂಚಮ್ಮ ಕಿಟಕಿಯ ಸರಳುಗಳ ನಡುವೆ ಕೈ ತೂರಿಸಿದಳು.

“ಅವ್ರು ಹಾಕ್ದಿದ್ರೆ ಇತ್ಲಾಗ್ ಕೊಡಕ್ಕೋ, ನಾವ್ ಹಾಕ್ತೀವಿ.”

ಮಾದೇವಮ್ಮ ಪೆನ್ನು ಹೊರಗೆ ಕೊಟ್ಟು, ಪುಸ್ತಕವನ್ನು ತೆರೆದೇ ಸರಳಿಗೆ ಒತ್ತಿ ಹಿಡಿದಳು. ಗೋವಿಂದರಾಜು ಎದ್ದ, ಆದರೆ ಅವಳನ್ನು ಮುಟ್ಟದೆ ಪುಸ್ತಕ ಕಸಿಯುವ ದಾರಿ ಅವನಿಗೆ ಹೊಳೆಯಲಿಲ್ಲ. ನಾವಿಬ್ಬರು ಸಹಿ ಹಾಕಿದೆವು. ಕೆಂಚಮ್ಮನಿಗೆ ಬರೆಯಲು ಬಾರದು. ಬೆಳಗಿನಿಂದ ಚರಂಡಿಯ ಹೂಳೆತ್ತಿದ ಹೆಬ್ಬೆರಳನ್ನು ಅಧ್ಯಕ್ಷರ ಹೆಸರಿನ ಮುಂದೆ ಊರಿ, ಚೆನ್ನಾಗಿ ಹೊರಳಿಸಿ ಒತ್ತಿದಳು.