ಮೊದಲು ಮಾತು, ಆಮೇಲೆ ಮತ

ಚುನಾವಣೆ ಬಂತೆಂದರೆ ದೊಡ್ಡವರಿಗೆಲ್ಲ ಬಡವರ ಮನೆಯ ದಾರಿ ನೆನಪಾಗುತ್ತದೆ. ಇನ್ನೂರು ವರ್ಷಗಳಿಗೂ ಹಿಂದೆ ವರ್ಜೀನಿಯ ರಾಜ್ಯದಲ್ಲೂ ಹಾಗೇ. ಆ ಚಳಿಗಾಲದ ಕೊನೆಗೆ, ಚುನಾವಣೆಗೆ ನಿಂತಿದ್ದ ಪೆಂಬರ್ಟನ್ ಸಾಹೇಬರ ಆಳು ಟೋಬಯಾಸನ ಬಾಗಿಲಿಗೆ ಒಂದು ಪೀಪಾಯಿ ರಮ್ ಇಳಿಸಿ ಹೋದ. ಟೋಬಯಾಸ್ ಬ್ಯಾಪ್ಟಿಸ್ಟ್ ಎಂಬ ಕ್ರೈಸ್ತ ಪಂಥದವನು, ಹೆಂಡ ಮುಟ್ಟದವನು. ಮೂಸಿಯೂ ನೋಡದೆ ಅದನ್ನು ಉರುಳಿಸಿಕೊಂಡು ಹೋಗಿ ದಾರಿಯಲ್ಲಿ ಬಿಟ್ಟು ಬಂದ.

ಇಂಗ್ಲೆಂಡಿನ ರಾಜನ ಆಳ್ವಿಕೆಯಿಂದ ಬಿಡಿಸಿಕೊಂಡ ರಾಜ್ಯಗಳೆಲ್ಲ ಸೇರಿ ಬಾಳಲು ಹೊಸ ಸಂವಿಧಾನವೊಂದನ್ನು ಬರೆದು ತಂದಿದ್ದರು. ಒಪ್ಪಬೇಕೋ ಬೇಡವೋ ಎಂದು ತೀರ್ಮಾನಿಸುವ ಸಭೆಗೆ ಜನರನ್ನು ಆರಿಸಿ ಕಳಿಸಬೇಕಿತ್ತು. ಪೆಂಬರ್ಟನ್ ‘ಒಪ್ಪೋಣ’ ಎನ್ನುವ ಕಡೆಯವರು.

"ನಾನು ಯಾರಿಗೂ ಮತ ಹಾಕಲ್ಲ," ಎಂದ ಟೋಬಯಾಸ್.

ಪತ್ರಿಕೆ ತಪ್ಪದೆ ಓದುವ ಕಮ್ಮಾರ ಅಂಬ್ರೋಸ್ ಒಲೆಯ ಹತ್ತಿರ ಕೂತಿದ್ದ. "ಯಾಕಣ್ಣ?"

"ಅಷ್ಟುದ್ದ ಬರೆದವ್ರೆ. ನಮ್ಮ ದೇವರನ್ನ ನಮ್ಮಿಷ್ಟದಂಗೆ ಬೇಡ್ಕೋಬೋದು ಅಂತ ಒಂದು ಸಾಲು ಐತಾ? ರಾಜನ ಕಾಲದಲ್ಲಿ ಅಪ್ಪಣೆ ಇಲ್ದೆ ಬೋಧನೆ ಮಾಡ್ದೆ ಅಂತ ನನ್ನ ಜೈಲಿಗೆ ಹಾಕಿದ್ರು. ಈಗ ಮಗ ಬೋಧನೆ ಶುರು ಮಾಡವ್ನೆ. ಅವನನ್ನ ಯಾರು ಕಾಯ್ತಾರೆ?"

"ಹಂಗಾದ್ರೆ ‘ಬೇಡ’ ಅನ್ನೋರಿಗೆ ಹಾಕು."

"ಅವರು ಗೆದ್ರೆ ಒಂದೊಂದು ರಾಜ್ಯ ಒಂದೊಂದು ದಿಕ್ಕು. ಇಂಗ್ಲೆಂಡಿನೋರು ಮತ್ತೆ ಬಂದು ಕೂತ್ಕೋತಾರೆ. ಅದೂ ಬೇಡ."

"ಅದೂ ಬೇಡ, ಇದೂ ಬೇಡ! ನೀನು ಮನೇಲಿ ಕೂತ್ರೆ ಆ ಸಾಲು ತಾನೇ ಬರ್ಕೊಂಡು ಬಂದ್ಬಿಡ್ತದಾ? ಮ್ಯಾಸಚೂಸೆಟ್ಸ್‌ ರಾಜ್ಯದೋರು ಸಂವಿಧಾನ ಒಪ್ಪಿ, ಜೊತೆಗೇ ‘ಹಕ್ಕುಗಳನ್ನೂ ಸೇರಿಸಿ’ ಅಂತ ಕೇಳವ್ರೆ. ನಮ್ಮೋರೂ ಕೇಳ್ಬೋದು. ಅವರ ಬಾಯಲ್ಲಿ ಕೇಳಿಸೋರು ಬೇಕು ಅಷ್ಟೆ."

ಹೆಂಡತಿ ಕೆಜಾಯ ಮುಸುಕಿನ ಜೋಳದ ರೊಟ್ಟಿ ಮಗುಚುತ್ತಿದ್ದವಳು ತಿರುಗಿದಳು. "ಹೆಂಗಸು ಅಂತ ನನಗೆ ಅಲ್ಲಿ ಬಾಯಿಲ್ಲ. ದೇವರು ಕೊಟ್ಟ ಬಾಯಿಗೆ ನೀವೇ ಬೀಗ ಹಾಕ್ಕೋತೀರಾ? ಟೋಪಿ ಕೊಡಿ ಇತ್ಲಾಗೆ, ನಿಮ್ಮ ಬದಲು ನಾನೇ ಹೋಗ್ತೀನಿ!"

ಟೋಬಯಾಸ್ ಟೋಪಿ ಬಿಟ್ಟುಕೊಡಲಿಲ್ಲ. ಚುನಾವಣೆಯ ದಿನ ತಾನೇ ಹಾಕಿಕೊಂಡು ಹೊರಟ.

ಅಲ್ಲಿ ಮತ ಗುಟ್ಟಲ್ಲ. ನ್ಯಾಯಾಲಯದ ಅಂಗಳದಲ್ಲಿ ಚುನಾವಣೆ ನಡೆಸುವ ಅಧಿಕಾರಿ ಶೆರಿಫ್ ಕೇಳಿದಾಗ ಎಲ್ಲರೆದುರು ಹೆಸರು ಕೂಗಬೇಕು. ಆ ಹೆಸರಿನ ಅಭ್ಯರ್ಥಿ ಮೇಜಿನ ಹಿಂದಿನಿಂದ ಎದ್ದು ಬಾಗಿ ವಂದನೆ ಹೇಳಬೇಕು.

"ಟೋಬಯಾಸ್, ಯಾರಿಗೆ ನಿನ್ನ ಮತ?"

ರಮ್ ಕಳಿಸಿದ್ದರಿಂದ ಗಟ್ಟಿ ಮತವೆಂದುಕೊಂಡು ಪೆಂಬರ್ಟನ್ ಆಗಲೇ ಅರ್ಧ ಎದ್ದಿದ್ದರು.

"ವಂದನೆ ಆಮೇಲಾಗ್ಲಿ ಸಾಹೇಬ್ರೇ. ಮೊದ್ಲು ಒಂದು ಮಾತು ಕೊಡಿ. ದೇವರ ವಿಷಯಕ್ಕೆ ಸರ್ಕಾರ ಕೈಹಾಕಬಾರದು ಅಂತ ಬರೆಸ್ತೀರೋ ಇಲ್ವೋ?"

ಅರ್ಧ ಎದ್ದವರು ಕೂರಲೂ ಆಗದೆ ನಿಲ್ಲಲೂ ಆಗದೆ ಬಾಗಿಕೊಂಡೇ ಉಳಿದರು. ಜನ ಗೊಳ್ಳೆಂದರು.

"ಬರೆಯೋದು ಯಾಕಪ್ಪಾ? ಹೊಸ ಸರ್ಕಾರಕ್ಕೆ ಆ ಅಧಿಕಾರವೇ ಇಲ್ವಲ್ಲ."

"ಇಲ್ಲದ್ದನ್ನ ಇಲ್ಲ ಅಂತ ಬರೆಯೋಕೆ ಏನು ಕಷ್ಟ? ನೀವು ಒಳ್ಳೇವ್ರು ಸರಿ. ನಿಮ್ಮ ಆಮೇಲೆ ಬರೋನು?"

"ಬೇಗ ಹೇಳಯ್ಯ!" ಶೆರಿಫ್ ಮೇಜು ಕುಟ್ಟಿದ.

"ಏನವಸರ ಸ್ವಾಮಿ? ಸಂವಿಧಾನ ದಿನಾ ಬರೀತಾರಾ?" ಹಿಂದಿನಿಂದ ಅಂಬ್ರೋಸ್ ಕೂಗಿದ. "ನಮಗೂ ಅದೇ ಮಾತು ಬೇಕು. ನಾವೂ ಕಾಯ್ತೀವಿ." ಸಾಲಿನಲ್ಲಿದ್ದವರೆಲ್ಲ ಹೂಂಗುಟ್ಟಿದರು. ಯಾರೂ ಹೆಸರು ಕೂಗಲು ಮುಂದೆ ಬರಲಿಲ್ಲ.

ಪೆಂಬರ್ಟನ್ ಜನರನ್ನು ನೋಡಿದರು. ಆಮೇಲೆ ನೆಟ್ಟಗೆ ನಿಂತರು. "ಆಯ್ತು. ಒಪ್ಪುವಾಗಲೇ ಹಕ್ಕುಗಳನ್ನ ಸೇರಿಸಿ ಅಂತ ಕೇಳ್ತೀನಿ. ಇಷ್ಟು ಜನರ ಮುಂದೆ ಮಾತು ಕೊಟ್ಟಿದೀನಿ."

"ಪೆಂಬರ್ಟನ್!" ಎಂದು ಟೋಬಯಾಸ್ ಕೂಗಿದ್ದು ಅಂಗಳದಾಚೆಯ ಕುದುರೆಗಳಿಗೂ ಕೇಳಿಸಿತು.

ಪೆಂಬರ್ಟನ್ ಗೆದ್ದರು, ಕೊಟ್ಟ ಮಾತನ್ನೂ ನಡೆಸಿದರು. ವರ್ಜೀನಿಯ ಸಂವಿಧಾನವನ್ನು ಒಪ್ಪಿತು, ಹಕ್ಕುಗಳನ್ನೂ ಕೇಳಿತು. ಕೆಲವು ವರ್ಷಗಳಲ್ಲಿ ಅವು ಬರಹಕ್ಕೆ ಬಂದವು: ನಂಬಿಕೆಗೆ ಸರ್ಕಾರ ಅಡ್ಡ ಬರುವಂತಿಲ್ಲ, ಆಡುವ ಬಾಯನ್ನು ಮುಚ್ಚಿಸುವಂತಿಲ್ಲ, ಕಾರಣವಿಲ್ಲದೆ ಮನೆಗೆ ನುಗ್ಗಿ ಹುಡುಕುವಂತಿಲ್ಲ. ಆ ಸುದ್ದಿ ಬಂದ ಭಾನುವಾರ ಮಗ ಬಟ್ಟಬಯಲಲ್ಲಿ ನಿಂತು ಎದೆತುಂಬಿ ಬೋಧಿಸಿದ. ಕೆಜಾಯ ಗಂಡನ ಪಕ್ಕೆ ತಿವಿದು, "ಇನ್ನು ಮಳೆ ಬಂದ್ರೆ ಮಾತ್ರ ಇವನು ನಿಲ್ಲಿಸ್ಬೇಕು," ಎಂದಳು.

ಅಂದು ಕೆಜಾಯಳಂಥ ಹೆಂಗಸರಿಗೆ ಮತವಿರಲಿಲ್ಲ. ಹೊಲ ಗೆಯ್ಯುತ್ತಿದ್ದ ಗುಲಾಮರಿಗೆ ಬಿಡುಗಡೆಯೇ ಇರಲಿಲ್ಲ. ಅವರು ಇನ್ನೂ ಬಹುಕಾಲ ಹೋರಾಡಬೇಕಾಯಿತು. ಇಂದು ಇಲ್ಲಿ ನಮ್ಮ ದೇಶದ ಸಂವಿಧಾನದಲ್ಲಿ ಹೆಣ್ಣು ಗಂಡೆನ್ನದೆ ಎಲ್ಲರ ಹಕ್ಕೂ ಬರೆದಿದೆ. ಓದಲು ಬಾರದಿದ್ದರೆ ಬಲ್ಲವರಿಂದ ಓದಿಸಿ ಕೇಳಿ. ಮತ ಕೇಳಲು ಬಂದವರನ್ನು ಸುಮ್ಮನೆ ಕಳಿಸಬೇಡಿ, ಅಂಗಳದಲ್ಲಿ ನಿಲ್ಲಿಸಿ ಕೇಳಿ. ನಮ್ಮ ಮತ ಗುಟ್ಟು. ನಮ್ಮ ಪ್ರಶ್ನೆ ಊರಿಗೆಲ್ಲ ಕೇಳಿಸಲಿ.